ಕೈಯಿಂದ ಕೈಗೆ ಬಂದ ದನಿ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಹೆದ್ದಾರಿಯು ನಂಜನಗೂಡನ್ನೂ ಬೇಗೂರನ್ನೂ ದಾಟಿ ಗುಂಡ್ಲುಪೇಟೆಯನ್ನು ಸೇರಿದ ಮೇಲೆ ಎರಡಾಗಿ ಕವಲೊಡೆದು, ಒಂದು ಕವಲು ಹಂಗಳ, ಬಂಡೀಪುರಗಳ ಮಾರ್ಗವಾಗಿ ಉದಕಮಂಡಲಕ್ಕೂ, ಮತ್ತೊಂದು ಮದ್ದೂರಿನ ಅರಣ್ಯವನ್ನು ಸೀಳಿಕೊಂಡು ವಯನಾಡಿನ ಸುಲ್ತಾನ್ ಬತ್ತೇರಿಗೂ ಸಾಗುತ್ತದೆ. 2009ನೆಯ ಇಸವಿಯಿಂದ ಈಚೆಗೆ ಈ ಎರಡು ಮಾರ್ಗಗಳಲ್ಲಿಯೂ ರಾತ್ರಿಯ ಹೊತ್ತು ಸಾಮಾನ್ಯ ವಾಹನಸಂಚಾರವು ನಿಷಿದ್ಧವಾಗಿರುವುದರಿಂದ, ಒಂಬತ್ತು ಗಂಟೆ ಹೊಡೆಯುತ್ತಲೇ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬ ಇಳಿದು, ಕೊನೆಯ ಲಾರಿಯ ಸದ್ದು ದೂರದಲ್ಲಿ ಕರಗಿ, ಕಾಡು ತನ್ನ ಸ್ವಂತ ಮೌನಕ್ಕೆ ಹಿಂದಿರುಗುತ್ತದೆ. ಆ ಮೌನದ ನಡುವೆ, ಕಾವಲುಗಾರನ ಸೊಂಟದಲ್ಲಿ ತೂಗುವ ಅಂಗೈಯಗಲದ ಕರಿಯ ಪೆಟ್ಟಿಗೆಯೊಂದು ‘ಕರ್ರ್’ ಎಂದು ಗಂಟಲು ಸರಿಮಾಡಿಕೊಂಡು ಮಾತನಾಡತೊಡಗಿದಾಗ, ಮಾನವನು ಮಾನವನನ್ನು ಕತ್ತಲೆಯಲ್ಲಿ ಕರೆದು ‘ಇದ್ದೇನೆ’ ಎಂಬ ಉತ್ತರವನ್ನು ಪಡೆಯುವ ಆ ಪುರಾತನ ವ್ಯವಹಾರವು ಇನ್ನೂ ಮುಗಿದಿಲ್ಲವೆಂಬ ಭಾವವು ಕೇಳುವವನ ಮನಸ್ಸಿನಲ್ಲಿ ಮೂಡದೆ ಇರದು.

ಈ ಪೆಟ್ಟಿಗೆಗಳ ಪೂರ್ವವೃತ್ತಾಂತವನ್ನು ಅರಸಿಕೊಂಡು ಹೋಗುವಂತೆ ನನ್ನನ್ನು ಪ್ರೇರಿಸಿದವನು ಕಾಡಂಚಿನಲ್ಲಿ ಜಮೀನಿರುವ ಒಬ್ಬ ರೈತಮಿತ್ರ. ರಾಗಿ ತೆನೆಗಟ್ಟುವ ಕಾಲದಲ್ಲಿ ಅವನೂ ಅವನ ನೆರೆಯವರೂ ಹೊಲಗಳಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿಯಿಡೀ ಆನೆಯ ಕಾವಲು ಕಾಯುತ್ತಾರೆ. ಅಟ್ಟಣೆಯಿಂದ ಅಟ್ಟಣೆಗೆ ಅರ್ಧ ಮೈಲಿ. ಮೊಬೈಲ್ ಫೋನಿನ ಸಿಗ್ನಲ್ ಒಮ್ಮೆ ಉಂಟು, ಒಮ್ಮೆ ಇಲ್ಲ. ನಾನು ಬೆಂಗಳೂರಿಗೆ ಹೊರಟಿದ್ದೇನೆಂದು ತಿಳಿದು ಅವನು ಹೇಳಿದ ಮಾತು ಇಷ್ಟೆ: “ಅಣ್ಣ, ಅಲ್ಲಿ ಹಳೇ ವಾಕಿ ಸಿಕ್ತವಂತಲ್ಲ, ಒಂದ್ ಜೊತೆ ತಂದ್ಕೊಡಿ. ಆನ ಈ ಕಡಿಂದ ಇಳದ್ರ ಆ ಕಡಿಯೋರ್ಗ ಹೇಳಕ್ಕ ಬೇರ ದಾರಿನೇ ಇಲ್ಲ ಕನಣ್ಣ.” ಕೇಳುವುದಕ್ಕೆ ಅತ್ಯಂತ ಸರಳವಾದ ಈ ಬೇಡಿಕೆಯನ್ನು ಪೂರೈಸಲು ಹೊರಟವನಿಗೆ, ಹಳೆಯ ಸೈಕಲ್ಲನ್ನೋ ಹಳೆಯ ಪಂಪುಸೆಟ್ಟನ್ನೋ ಕೊಂಡು ತರುವಂತೆ ಈ ವಸ್ತುವನ್ನು ಕೊಂಡು ತರುವುದು ಆಗದೆಂಬುದೂ, ಹಾಗೆ ಆಗದಿರುವುದಕ್ಕೆ ಒಂದು ದೀರ್ಘವಾದ ಚರಿತ್ರೆಯೇ ಕಾರಣವೆಂಬುದೂ ಕ್ರಮೇಣ ಗೋಚರವಾಯಿತು.

ಸುದ್ದಿಯ ಸಂಚಾರಕ್ಕೂ ಗುಂಡ್ಲುಪೇಟೆಯ ಸೀಮೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಮೈಸೂರಿನ ಸಿಂಹಾಸನವನ್ನು 1673ರಲ್ಲಿ ಏರಿದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮೊದಲಿನ ತಮ್ಮ ಯೌವನದ ದಿನಗಳನ್ನು ಕಳೆದದ್ದು ಇದೇ ಹಂಗಳದಲ್ಲಿ. ರಾಜಧಾನಿಯಿಂದ ದೂರವಿರಿಸಲ್ಪಟ್ಟ ಆ ರಾಜಕುಮಾರರಿಗೆ ಯಳಂದೂರಿನ ವಿಶಾಲಾಕ್ಷ ಪಂಡಿತನೇ ಮೊದಲಾದ ವಿದ್ವಾಂಸರ ಸಹವಾಸವು ಇಲ್ಲಿಯೇ ದೊರೆಯಿತು. ತಮ್ಮ ತಂದೆಯ ಸ್ಮರಣಾರ್ಥವಾಗಿ ಅವರು ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯವು ಆ ಸಂಬಂಧಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಮೈಸೂರು ಸೀಮೆಯಲ್ಲಿ ಅಂಚೆಯ ವ್ಯವಸ್ಥೆಯನ್ನು ನೆಲೆಗೊಳಿಸಿದ ಕೀರ್ತಿ ಇದೇ ಅರಸರದು. ಆ ಅಂಚೆಯವರು ಕಾಗದಗಳನ್ನು ಹೊತ್ತು ಓಡುತ್ತಿದ್ದುದಷ್ಟೇ ಅಲ್ಲದೆ, ದಾರಿಯುದ್ದಕ್ಕೂ ಕಂಡುದನ್ನೂ ಕೇಳಿದುದನ್ನೂ ಅರಮನೆಗೆ ಮುಟ್ಟಿಸುತ್ತಿದ್ದರೆಂದು ಚರಿತ್ರಕಾರರು ಬರೆದಿರುತ್ತಾರೆ. ಒಂದು ರಾಜ್ಯದ ಬಲವು ಅದರ ಸುದ್ದಿಯ ವೇಗದಲ್ಲಿದೆ ಎಂಬ ಅರಿವು, ಯಾವ ಸುದ್ದಿಯೂ ಸುಲಭವಾಗಿ ಬಂದು ಮುಟ್ಟದ ಕಾಡಂಚಿನ ಊರಿನಲ್ಲಿ ವರ್ಷಗಳನ್ನು ಕಳೆದವರಿಗೆ ಉಳಿದವರಿಗಿಂತ ಗಾಢವಾಗಿ ಆಗಿದ್ದಿರಬಹುದೆಂದು ಊಹಿಸಲು ನನಗೆ ಸಂತೋಷವಾಗುತ್ತದೆ. ಆದರೆ ಆ ಅಂಚೆಯ ಆರಂಭಕಾಲದಿಂದಲೇ ಒಂದು ಮಾತು ಸ್ಪಷ್ಟವಾಗಿತ್ತು: ಸುದ್ದಿಯ ದಾರಿ ಅರಸನದು, ಅದರಲ್ಲಿ ಯಾರು ಓಡಬೇಕು, ಏನನ್ನು ಒಯ್ಯಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವೂ ಅರಸನದೇ.

ಕಾಡಿನೊಳಗೆ ಅಂಚೆಯೂ ಇರಲಿಲ್ಲ. ಅಲ್ಲಿ ಸಂಜ್ಞೆಯ ಕೆಲಸವನ್ನು ತಮಟೆ, ಕೊಂಬು, ಬೆಂಕಿ, ಕೂಗುಗಳೇ ನಿರ್ವಹಿಸುತ್ತಿದ್ದವು. 1874ರಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿಯು ಚಾಮರಾಜನಗರದ ಸಮೀಪದಲ್ಲಿ ಮೈಸೂರು ಸರ್ಕಾರದ ಪರವಾಗಿ ಖೆಡ್ಡಾ ನಡೆಸಿ ಆನೆಗಳ ಒಂದು ಹಿಂಡನ್ನೇ ಹಿಡಿದಾಗ, ಆ ಹಿಂಡಿನ ಸುತ್ತ ಮೈಲಿಗಟ್ಟಲೆ ಉದ್ದದ ಕಾವಲುಸಾಲನ್ನು ನಿಲ್ಲಿಸಿ, ರಾತ್ರಿಯಿಡೀ ಬೆಂಕಿಗಳನ್ನು ಉರಿಸಿ, ಬಿದಿರು ಬಡಿದು, ಕೂಗಿಗೆ ಕೂಗು ಕೊಟ್ಟು ಸಾಲು ಮುರಿಯದಂತೆ ನೋಡಿಕೊಳ್ಳಬೇಕಾಗಿತ್ತು. ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳಿಸದೆ ಹೋದ ಎಡೆಯಲ್ಲಿಯೇ ಆನೆ ನುಗ್ಗುವುದು. ಆದುದರಿಂದ ಕೂಗಿನ ಅಳತೆಯೇ ಕಾವಲಿನ ಅಳತೆಯಾಗಿತ್ತು. ನನ್ನ ಮಿತ್ರನ ಅಟ್ಟಣೆಯ ಕಾವಲು ಇದರಿಂದ ಬಹಳ ದೂರವೇನೂ ಬಂದಿಲ್ಲ. ಅವನ ಬಳಿಯೂ ತಗಡಿನ ಡಬ್ಬವಿದೆ, ಪಟಾಕಿಯಿದೆ, ಟಾರ್ಚಿದೆ, ಎಲ್ಲಕ್ಕಿಂತ ಮಿಗಿಲಾಗಿ ಗಂಟಲಿದೆ. ಅವನಿಗೆ ಬೇಕಾದದ್ದು ಆ ಗಂಟಲು ಇನ್ನಷ್ಟು ದೂರ ತಲುಪುವಂತಹ ಒಂದು ಸಾಧನ ಮಾತ್ರ.

ಗಂಟಲಿಗೆ ಆ ದೂರವನ್ನು ದಯಪಾಲಿಸಿದ ವಿದ್ಯೆಯ ಉದಯದಲ್ಲಿ ನಮ್ಮವರ ಪಾಲೂ ಉಂಟೆಂಬುದು ಎಲ್ಲರೂ ಬಲ್ಲ ಸಂಗತಿ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯ ನೆರವಿಲ್ಲದೆ, ಗೋಡೆಯ ಆಚೆಗಿದ್ದ ಗಂಟೆಯನ್ನು ವಿದ್ಯುತ್ತರಂಗಗಳಿಂದ ಬಾರಿಸಿ ತೋರಿಸಿದರು. ನಲವತ್ತು ವರ್ಷಗಳ ತರುವಾಯ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠ್ಠಲವಿಹಾರದಲ್ಲಿ ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕಯಂತ್ರವನ್ನಿರಿಸಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯೇ ಹುಟ್ಟಿ ಆಮೇಲೆ ದೇಶಕ್ಕೆಲ್ಲ ಹರಡಿತು. ಒಬ್ಬ ಅಧ್ಯಾಪಕನು ಸ್ವಂತ ಹಣ, ಸ್ವಂತ ಉತ್ಸಾಹಗಳಿಂದ ಆಕಾಶಕ್ಕೆ ದನಿಯನ್ನು ಏರಿಸಬಹುದಾಗಿದ್ದ ಆ ಕಾಲವನ್ನು ನೆನೆದರೆ ಮನಸ್ಸು ಅರಳುತ್ತದೆ. ಆದರೂ ಆ ಹೆಸರಿನೊಳಗಿನ ‘ಆಕಾಶ’ ಎಂಬ ಪದದ ತೂಕವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಭಾವನೆ. ನೆಲಕ್ಕೆ ಬೇಲಿ ಹಾಕಬಹುದು, ಕೆರೆಯ ನೀರಿಗೆ ತೂಬು ಇಡಬಹುದು. ಆದರೆ ಒಂದೇ ತರಂಗದ ಮೇಲೆ ಇಬ್ಬರು ಏಕಕಾಲದಲ್ಲಿ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಇಲ್ಲಿ ಒಬ್ಬನ ಅವಿವೇಕವು ಮತ್ತೊಬ್ಬನ ಮೌನವಾಗಿ ಪರಿಣಮಿಸುವುದು.

ಈ ಕಾರಣದಿಂದಲೂ, ಆಳುವವರಿಗೆ ಸಹಜವಾದ ಶಂಕೆಯಿಂದಲೂ, ನಿಸ್ತಂತು ಯಂತ್ರಗಳು ನಮ್ಮ ದೇಶದಲ್ಲಿ ಮೊದಲಿನಿಂದಲೇ ಕಾನೂನಿನ ಕಣ್ಗಾವಲಿಗೆ ಒಳಪಟ್ಟವು. 1885ರ ಟೆಲಿಗ್ರಾಫ್ ಕಾಯಿದೆಯು ತಂತಿವರ್ತಮಾನದ ಹಕ್ಕನ್ನು ಸರ್ಕಾರಕ್ಕೆ ಮೀಸಲಿರಿಸಿತ್ತು. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಯು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಂತಹ ಯಂತ್ರವನ್ನು ಬಳಸುವುದಿರಲಿ, ಪರವಾನಗಿಯಿಲ್ಲದೆ ಇರಿಸಿಕೊಂಡಿರುವುದನ್ನೇ ಅಪರಾಧವೆಂದು ಸಾರಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಆದ ತಿದ್ದುಪಡಿಯು ಪರವಾನಗಿಯಿಲ್ಲದ ಪ್ರೇಷಕಯಂತ್ರಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಮನೆಯಲ್ಲಿ ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ, ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದ ದಿನಗಳನ್ನು ಬಲ್ಲ ಹಿರಿಯರು ಚಾಮರಾಜನಗರದ ಬೀದಿಗಳಲ್ಲಿ ಇನ್ನೂ ಇದ್ದಾರೆ. ತರಂಗಗಳ ಹಂಚಿಕೆಯನ್ನು ನೋಡಿಕೊಳ್ಳಲು 1952ರಲ್ಲಿ ಕೇಂದ್ರ ಸರ್ಕಾರದಲ್ಲಿ ಪ್ರತ್ಯೇಕ ವಿಭಾಗವೇ ಏರ್ಪಟ್ಟಿತು; ಯಾವ ಇಲಾಖೆ ಯಾವ ತರಂಗದಲ್ಲಿ, ಎಷ್ಟು ಶಕ್ತಿಯಿಂದ ಮಾತನಾಡಬೇಕೆಂಬುದು ಅಲ್ಲಿ ನಿರ್ಣಯವಾಗತೊಡಗಿತು.

ಕೈಯಲ್ಲಿ ಹಿಡಿದು ಮಾತನಾಡುವ ಯಂತ್ರವು ಹುಟ್ಟಿದ್ದು ಯುದ್ಧದ ಒತ್ತಡದಲ್ಲಿ. ಷಿಕಾಗೋ ನಗರದ ಗ್ಯಾಲ್ವಿನ್ ಕಂಪನಿಯು, ಅದೇ ಮುಂದೆ ಮೊಟೊರೊಲಾ ಎಂದು ಪ್ರಸಿದ್ಧವಾಯಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಎಸ್‌ಸಿಆರ್-536 ಎಂಬ ಯಂತ್ರವನ್ನು ತಯಾರಿಸಿತು. ಎರಡು ಕಿಲೋಗ್ರಾಮಿಗೂ ಮಿಗಿಲಾದ ತೂಕ, ಒಂದೇ ಒಂದು ತರಂಗ, ಹೆಚ್ಚೆಂದರೆ ಒಂದೆರಡು ಮೈಲಿಯ ವ್ಯಾಪ್ತಿ. ಆಂಟೆನಾವನ್ನು ಹೊರಗೆಳೆದರೆ ಯಂತ್ರ ಜಾಗೃತವಾಗುವುದು, ಒಳಗೆ ತಳ್ಳಿದರೆ ನಿದ್ರಿಸುವುದು. ಇದಕ್ಕೆ ‘ಹ್ಯಾಂಡಿ-ಟಾಕಿ’ ಎಂದೂ, 1943ರಲ್ಲಿ ಬಂದ, ಬೆನ್ನಿಗೆ ಹೊತ್ತುಕೊಳ್ಳಬೇಕಾದ ಅದರ ದೊಡ್ಡಣ್ಣನಾದ ಎಸ್‌ಸಿಆರ್-300ಕ್ಕೆ ‘ವಾಕಿ-ಟಾಕಿ’ ಎಂದೂ ಹೆಸರು. ಕಾಲಕ್ರಮದಲ್ಲಿ ಅಣ್ಣನ ಹೆಸರೇ ತಮ್ಮನಿಗೆ ಅಂಟಿಕೊಂಡಿತು. ನಮ್ಮ ನಾಡಿನವರ ಬಾಯಲ್ಲಿ ಅದು ಮತ್ತಷ್ಟು ಸವೆದು ‘ವಾಕಿ’ಯಾಯಿತು, ಪೊಲೀಸರು, ಅರಣ್ಯದವರು ಇಂದಿಗೂ ‘ಸೆಟ್ಟು’ ಎಂದೇ ಕರೆಯುತ್ತಾರೆ.

ಹಳೆಯ ಸೆಟ್ಟುಗಳ ವ್ಯಾಪಾರವೂ ಆ ಯುದ್ಧದ ಸಂತಾನವೇ. 1943ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಅಮೆರಿಕದ ಸೈನ್ಯದ ವಶಕ್ಕೆ ಹೋಗಿ, ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿ ಪರಿಣಮಿಸಿತ್ತು. ಯುದ್ಧವು ಮುಗಿದ ಮೇಲೆ ಮಿತ್ರಸೈನ್ಯಗಳು ದೇಶದಲ್ಲಿ ಬಿಟ್ಟುಹೋದ ಸಾಮಗ್ರಿಯು ‘ಡಿಸ್ಪೋಸಲ್ ಮಾಲು’ ಎಂಬ ಹೆಸರಿನಲ್ಲಿ ಹರಾಜಿಗೆ ಬಂದು, ನಗರಗಳ ಗುಜರಿ ಸಂತೆಗಳಲ್ಲಿ ರಾಶಿ ಬಿದ್ದಿತು. ಯುದ್ಧದ ಆರಂಭದಲ್ಲಿ ಪರವಾನಗಿಗಳನ್ನು ಕಳೆದುಕೊಂಡು ಮೂಕರಾಗಿದ್ದ ಹವ್ಯಾಸಿ ರೇಡಿಯೋಗಾರರು, ಅಂದರೆ ಹ್ಯಾಮ್‌ಗಳು, ಪರವಾನಗಿಗಳು ಮತ್ತೆ ದೊರೆತ ಮೇಲೆ ಆ ರಾಶಿಗಳಲ್ಲಿ ಕೈಯಾಡಿಸಿ, ಹಸಿರು ಬಣ್ಣದ ಸೈನಿಕ ಪೆಟ್ಟಿಗೆಗಳನ್ನು ಮನೆಗೆ ತಂದು, ಬಿಚ್ಚಿ, ಬೆಸೆದು, ಶಾಂತಿಕಾಲದ ಮಾತನ್ನು ಅವಕ್ಕೆ ಕಲಿಸಿದರು. 1959ರಲ್ಲಿ ಬೆಂಗಳೂರಿನ ಹವ್ಯಾಸಿಗಳ ಕ್ಲಬ್ಬು ಹುಟ್ಟಿದ ಕಾಲಕ್ಕೆ, ಕೊಳ್ಳುವವನು ಯಂತ್ರವನ್ನು ಪಡೆಯುವ ಮುನ್ನ ಪರೀಕ್ಷೆ ಬರೆದು, ಪರವಾನಗಿ ಪಡೆದು, ತನ್ನ ಕರೆಗುರುತನ್ನು ಹೊಂದಿರಬೇಕೆಂಬ ಸಂಪ್ರದಾಯವು ದೃಢವಾಗಿತ್ತು. ಸೆಕೆಂಡ್ ಹ್ಯಾಂಡ್ ರೇಡಿಯೋ ಕೊಳ್ಳುವವರ ಪೈಕಿ ನಮ್ಮಲ್ಲಿ ಮೊದಲಿಗರಾದ ಈ ಜನ ಹಾಕಿಕೊಟ್ಟ ಮೇಲ್ಪಂಕ್ತಿಯು ಇಂದಿಗೂ ಅನುಕರಣೀಯವಾಗಿದೆ. ಇತ್ತ 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಮೊತ್ತಮೊದಲು ಕೈಗೆತ್ತಿಕೊಂಡ ತಯಾರಿಕೆಗಳಲ್ಲಿ ಪ್ರೇಷಕ-ಗ್ರಾಹಕ ಯಂತ್ರಗಳೂ ಸೇರಿದ್ದವು. ದೇಶದ ಸೈನ್ಯವೂ ಪೊಲೀಸರೂ ಪರದೇಶದ ಉಳಿಕೆಯನ್ನೇ ನಂಬಿಕೊಂಡಿರಬೇಕಾದ ಸ್ಥಿತಿಯು ಆ ಮೂಲಕ ನೀಗತೊಡಗಿತು.

ಚಾಮರಾಜನಗರದ ಸೀಮೆಗೆ ನಿಸ್ತಂತುವಿನ ಅಗತ್ಯ ಎಷ್ಟೆಂಬುದನ್ನು ತಿಳಿಯಬೇಕಾದರೆ ಆ ನೆಲದ ಏರಿಳಿತವನ್ನು ನೋಡಬೇಕು. ಪಶ್ಚಿಮಕ್ಕೆ ಬಂಡೀಪುರ: 1931ರಲ್ಲಿ ಮಹಾರಾಜರ ಕಾಲದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಮೊದಲಾಗಿ, 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಒಂದಾದ ಕಾಡು. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆಗೆ ಮಲೆ ಮಹದೇಶ್ವರನ ಏಳುಮಲೆ. ಈ ಮಡಿಕೆಮಡಿಕೆಯಾದ ಭೂಮಿಯಲ್ಲಿ ಎದುರುಬದುರು ನಿಂತವರ ದನಿ ಮಾತ್ರ ನೇರವಾಗಿ ತಲುಪೀತು. ಎದೆಮಟ್ಟದಲ್ಲಿ ಹಿಡಿದ ಸೆಟ್ಟಿಗೆ ಸಪಾಟಾದ ಬಯಲಿನಲ್ಲಿಯೂ ಕ್ಷಿತಿಜವು ಸುಮಾರು ಐದು ಕಿಲೋಮೀಟರು. ಕಾಡಿನ ಮರ, ದಿಣ್ಣೆ, ಹಳ್ಳಗಳ ನಡುವೆ ಅದು ಒಂದೆರಡಕ್ಕೆ ಇಳಿಯುವುದುಂಟು. ಅದೇ 1454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂತಹ ಶಿಖರದಲ್ಲಿ, ಕೆಳಗಿನ ಬಯಲಿಗಿಂತ ಆರುನೂರು ಮೀಟರಿಗೂ ಮೇಲೆ ಒಂದು ಆಂಟೆನಾ ನಿಂತರೆ, ಅದರ ನೋಟವು ಲೆಕ್ಕದ ಪ್ರಕಾರ ನೂರು ಕಿಲೋಮೀಟರು ವ್ಯಾಪಿಸುತ್ತದೆ. ಒಬ್ಬನ ದುರ್ಬಲವಾದ ದನಿಯನ್ನು ಎತ್ತರದಲ್ಲಿ ಕೇಳಿಸಿಕೊಂಡು, ಬಲಪಡಿಸಿ, ಇನ್ನೊಂದು ತರಂಗದಲ್ಲಿ ಎಲ್ಲರಿಗೂ ಹಂಚುವ ಈ ಯಂತ್ರಕ್ಕೆ ರಿಪೀಟರ್ ಎನ್ನುತ್ತಾರೆ. ಎಲೆಗಳ ದಟ್ಟಣೆಯನ್ನು ಎರಡು ಮೀಟರಿನ ಅಲೆಯು ಎಪ್ಪತ್ತು ಸೆಂಟಿಮೀಟರಿನ ಅಲೆಗಿಂತ ಚೆನ್ನಾಗಿ ತೂರುವುದರಿಂದ, ಅರಣ್ಯದವರು ವಿ.ಎಚ್.ಎಫ್. ಸೆಟ್ಟನ್ನೂ, ಕಟ್ಟಡಗಳ ಒಳಗೆ ಮಾತನಾಡುವ ಪಟ್ಟಣಿಗರು ಯು.ಎಚ್.ಎಫ್. ಸೆಟ್ಟನ್ನೂ ಆರಿಸಿಕೊಳ್ಳುವರು.

ಕಳೆದ ಶತಮಾನದ ಕೊನೆಯ ದಶಕದಲ್ಲಿ ಈ ಕಾಡುಗಳು ಕಂಡ ದುಃಖವನ್ನು ಸ್ಮರಿಸದೆ ಈ ಚರಿತ್ರೆಯನ್ನು ಮುಂದುವರಿಸಲಾಗದು. 1991ರ ನವೆಂಬರ್ 10ರಂದು, ಕಾಡುಗಳ್ಳ ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂ ಬಳಿಯ ಕಾಡಿನಲ್ಲಿ ಹತರಾದರು. ಮರುವರ್ಷದ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ತಮ್ಮ ಸಂಗಡಿಗರೊಡನೆ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ನೆಲಬಾಂಬುಗಳು 22 ಜೀವಗಳನ್ನು ಕೊಂಡವು. ಎರಡು ರಾಜ್ಯಗಳ ಗಡಿ ಹಾಯುವ ಆ ಕಣಿವೆಗಳಲ್ಲಿ, ದಿನಗಟ್ಟಲೆ ನಡೆದು ಹೋಗುವ ತುಕಡಿಗೆ ಹೊರಜಗತ್ತಿನೊಡನೆ ಉಳಿದಿದ್ದ ಕೊಂಡಿಯೆಂದರೆ ಸೆಟ್ಟು ಒಂದೇ. ಅದರ ಬ್ಯಾಟರಿ ಸತ್ತರೆ ತುಕಡಿ ಒಂಟಿ. ಆ ಕಾಲದ ಸೆಟ್ಟಿನ ಮಾತಿಗೆ ಗೋಪ್ಯತೆ ಇರಲಿಲ್ಲವೆಂಬುದನ್ನೂ ನೆನಪಿಡಬೇಕು: ಅದೇ ತರಂಗಕ್ಕೆ ಹೊಂದಿಸಿದ ಇನ್ನೊಂದು ಸೆಟ್ಟು ಯಾರ ಕೈಯಲ್ಲಿದ್ದರೂ ಅವರಿಗೆ ಎಲ್ಲವೂ ಕೇಳಿಸುವುದು. ಇಲಾಖೆಯ ಸೆಟ್ಟೊಂದು ಕಳೆದುಹೋದರೆ ಅದು ಬಂದೂಕು ಕಳೆದುಹೋದಷ್ಟೇ ಗಂಭೀರವಾದ ವಿಷಯವೆಂದು ಏಕೆ ಭಾವಿಸುತ್ತಾರೆ, ಹಳೆಯ ಸೆಟ್ಟುಗಳು ಎಲ್ಲೆಂದರಲ್ಲಿ ಬಿಕರಿಯಾಗುವುದನ್ನು ಕಂಡರೆ ಏಕೆ ಹುಬ್ಬು ಗಂಟಿಕ್ಕುತ್ತಾರೆ ಎಂಬುದಕ್ಕೆ ಈ ಸೀಮೆಯವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

2000ದ ಜುಲೈ 30ರ ರಾತ್ರಿ ಚಾಮರಾಜನಗರದ ಗಡಿಯಾಚೆಗಿನ ದೊಡ್ಡ ಗಾಜನೂರಿನಿಂದ ನಟ ಡಾ. ರಾಜಕುಮಾರ್ ಅದೇ ವೀರಪ್ಪನ್‌ನಿಂದ ಅಪಹೃತರಾದ ಮೇಲೆ, ನೂರೆಂಟು ದಿನಗಳ ಕಾಲ ನಾಡು ಕಿವಿಗೊಟ್ಟು ಕಾದದ್ದು ಯಾವುದಕ್ಕೆ? ಸಂಧಾನಕಾರರು ಕಾಡಿನಿಂದ ಹೊತ್ತು ತರುತ್ತಿದ್ದ ಧ್ವನಿಸುರುಳಿಗಳಿಗೆ. ಉಪಗ್ರಹಗಳು ಮೇಲೆ ಸುತ್ತುತ್ತಿದ್ದ ಕಾಲದಲ್ಲಿಯೂ, ಒಂದು ದನಿಯು ಕಾಡಿನಿಂದ ನಾಡಿಗೆ ಬರಲು ಚಿಕ್ಕದೇವರಾಜರ ಅಂಚೆಯವನಂತೆ ಮನುಷ್ಯನೊಬ್ಬನು ನಡೆದೇ ಬರಬೇಕಾಯಿತು. ದನಿಯ ಬೆಲೆ ಏನೆಂಬುದನ್ನು ಕನ್ನಡಿಗರು ಅಂದು ಅರಿತಷ್ಟು ಹಿಂದೆಂದೂ ಅರಿತಿರಲಾರರು.

ತರುವಾಯದ ವರ್ಷಗಳಲ್ಲಿ ಸೆಟ್ಟಿನ ಕೆಲಸವು ರಕ್ಷಣೆಯ ಕಡೆಗೆ ತಿರುಗಿತು. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಸೋಲಿಗರೂ ಜೇನುಕುರುಬರೂ ಆದ ಕಾವಲುಗಾರರು ಬೆಳಗಿನ ಗಸ್ತಿನ ವರದಿಯನ್ನು ಅದರಲ್ಲಿಯೇ ಒಪ್ಪಿಸುತ್ತಾರೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ವಲಯದಲ್ಲಿ ಎದ್ದ ಬೆಂಕಿಯು ಸಾವಿರಾರು ಎಕರೆ ಕಾಡನ್ನು ನುಂಗಿ, ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾದ ಸ್ಥಿತಿ ಒದಗಿತು. ಒಣಗಿದ ಲಂಟಾನದ ಪೊದೆಗಳಲ್ಲಿ ಗಾಳಿ ಹೊಕ್ಕಾಗ ಉರಿಯು ಮನುಷ್ಯನ ಓಟಕ್ಕಿಂತ ವೇಗವಾಗಿ ಸಾಗುತ್ತದೆ. ಹಸಿರುಸೊಪ್ಪಿನ ಕೊಂಬೆಯಿಂದ ಬಡಿದು ಬೆಂಕಿ ಆರಿಸುತ್ತಿರುವವನಿಗೆ, ಹಿಂದಿನಿಂದ ಗಾಳಿ ತಿರುಗಿದೆಯೆಂದು ಎದುರುಗುಡ್ಡದವನು ಹೇಳುವ ಒಂದು ಮಾತು ಪ್ರಾಣವನ್ನೇ ಉಳಿಸಬಲ್ಲದು. ಆ ಕ್ಷಣದಲ್ಲಿ ಬೇರೊಬ್ಬನು ಅದೇ ತರಂಗದಲ್ಲಿ ಹರಟುತ್ತಿದ್ದರೆ ಏನಾದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ವಿಚಾರಿಸುತ್ತ ಹೋದೆ. ಕಾರ್ಖಾನೆಗಳೂ ಹೋಟೆಲುಗಳೂ ಡಿಜಿಟಲ್ ಸೆಟ್ಟುಗಳಿಗೆ ಬದಲಾದಾಗ, 25 ಕಿಲೋಹರ್ಟ್ಸಿನ ಅಗಲವಾದ ದಾರಿ ತ್ಯಜಿಸಿ 12.5ರ ಕಿರಿದಾದ ದಾರಿಗೆ ಇಳಿದಾಗ, ಇನ್ನೂ ಗಟ್ಟಿಮುಟ್ಟಾಗಿರುವ ಹಳೆಯ ಸೆಟ್ಟುಗಳು ಕೆಲಸ ಕಳೆದುಕೊಂಡು ಹೊರಬೀಳುತ್ತವೆ. ತೊಂಬತ್ತರ ದಶಕದ ಮೊಟೊರೊಲಾ ಜಿಪಿ-300, ಅದರ ನಂತರದ ಜಿಪಿ-338 ಮೊದಲಾದವು ಇಪ್ಪತ್ತು ವರ್ಷಗಳ ದುಡಿಮೆಯ ಮೇಲೂ ಮತ್ತಷ್ಟು ದುಡಿಯಬಲ್ಲವು. ಪರಿಚಿತರೊಬ್ಬರ ಮೂಲಕ ದೊರೆತ ಒಬ್ಬ ವೃದ್ಧ ಮೆಕ್ಯಾನಿಕ್ ಮೇಜಿನ ಮೇಲೆ ಅಂತಹ ಒಂದು ಸೆಟ್ಟನ್ನಿರಿಸಿ, ನಾಡಿ ನೋಡುವ ಪಂಡಿತರಂತೆ ಅದನ್ನು ಪರೀಕ್ಷಿಸಿ ತೋರಿಸಿದರು.

ಮೊದಲು ಅವರು ನೋಡಿದ್ದು ಬೆನ್ನಿನ ಚೀಟಿಯನ್ನು: ಮಾದರಿಯ ಸಂಖ್ಯೆ, ಕ್ರಮಸಂಖ್ಯೆ, 136ರಿಂದ 174 ಮೆಗಾಹರ್ಟ್ಸ್ ಎಂಬ ವ್ಯಾಪ್ತಿ. ಕ್ರಮಸಂಖ್ಯೆಯನ್ನು ಕೆರೆದು ಹಾಕಿದ ಸೆಟ್ಟು ಮುತ್ತಿನಂತಿದ್ದರೂ ಮುಟ್ಟಬಾರದೆಂದರು. ಬ್ಯಾಟರಿಯನ್ನು ಕಳಚಿ, ಅದು ಕೂರುವ ಹಿತ್ತಾಳೆಯ ಬಿಂದುಗಳನ್ನು ಬೆಳಕಿಗೆ ಹಿಡಿದರು. ಅಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಒಳಗೆ ನೀರು ಹೊಕ್ಕಿದೆಯೆಂದು ಅರ್ಥ. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಾದರೆ ಆರು ಕೋಶಗಳ 7.2 ವೋಲ್ಟು ಮೀಟರಿನಲ್ಲಿ ಕಂಡರೂ ನಂಬಬಾರದು, ಗುಂಡಿ ಒತ್ತಿ ಮಾತನಾಡಿಸಿದಾಗ ಅದು ಎಷ್ಟಕ್ಕೆ ಕುಸಿಯುವುದೋ ಅದೇ ಅದರ ನಿಜವಾದ ವಯಸ್ಸು. ಆಂಟೆನಾದ ಬುಡದಲ್ಲಿ ರಬ್ಬರು ಬಿರಿದಿತ್ತು. ಸೆಟ್ಟನ್ನು ಆಂಟೆನಾ ಹಿಡಿದು ಎತ್ತುವವರ ಕೈಯಲ್ಲಿ ಇದ್ದದ್ದೆಂದು ಅದರಿಂದಲೇ ಹೇಳಿದರು. ಮಾತಿನ ಗುಂಡಿಯ ಮೇಲೆ ಹೆಬ್ಬೆರಳು ಕೂರುವ ಎಡೆಯು ಕನ್ನಡಿಯಂತೆ ನುಣುಪಾಗಿತ್ತು: ಯಾವನೋ ಒಬ್ಬ ದುಡಿಮೆಗಾರ ಸಾವಿರಾರು ಸಲ ಅದನ್ನು ಒತ್ತಿದ್ದನು. ಆಮೇಲೆ ಆಂಟೆನಾವನ್ನು ಬಿಚ್ಚಿ, ಆ ಜಾಗದಲ್ಲಿ ದನಿಯನ್ನು ಆಕಾಶಕ್ಕೆ ಬಿಡದೆ ತನ್ನಲ್ಲಿಯೇ ನುಂಗಿಕೊಳ್ಳುವ ಒಂದು ಲೋಡನ್ನೂ ಶಕ್ತಿಮಾಪಕವನ್ನೂ ಜೋಡಿಸಿ ಗುಂಡಿ ಒತ್ತಿದರು; ಮುಳ್ಳು ನಾಲ್ಕು ವ್ಯಾಟಿಗಿಂತ ತುಸು ಮೇಲೆ ನಿಂತಿತು. “ಬೇರೆಯವರ ಚಾನೆಲ್ ಇದರಲ್ಲಿ ಇನ್ನೂ ಇರ್ತದೆ ಸಾರ್. ಸುಮ್ಮನೆ ಗಾಳಿಗೆ ಒತ್ತಬಾರದು. ಅಂಗಡಿಯಲ್ಲಿ ನಿಂತು ‘ಹಲೋ ಹಲೋ’ ಅನ್ನೋರು ಯಾರ ಕೆಲಸ ಕೆಡಿಸ್ತಿದೀವಿ ಅಂತ ಯೋಚನೆ ಮಾಡಲ್ಲ,” ಎಂದರು. ಅವರ ಕಸುಬಿನ ಧರ್ಮವೆಲ್ಲ ಆ ಒಂದು ಮಾತಿನಲ್ಲಿ ಅಡಕವಾಗಿತ್ತು.

ಕೊನೆಗೆ ಅವರು ತಂತಿಯೊಂದರಿಂದ ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿ ಅದರ ಜ್ಞಾಪಕವನ್ನು ತೆರೆದು ತೋರಿಸಿದರು. ತೆರೆಯ ಮೇಲೆ ಸಾಲಾಗಿ ತರಂಗಗಳ ಅಂಕಿಗಳು, ಅವುಗಳ ಎದುರಿಗೆ ಯಾರೋ ಇಟ್ಟ ಹೆಸರುಗಳು: ‘ಸ್ಟೋರ್’, ‘ಬಾಯ್ಲರ್’, ‘ಗೇಟ್ 2’. ಯಾವುದೋ ಕಾರ್ಖಾನೆಯ ಎರಡನೆಯ ಬಾಗಿಲಿನಲ್ಲಿ, ಮಳೆಯಲ್ಲಿ ಕೊಡೆ ಹಿಡಿದು ನಿಂತು, ಇದೇ ಪೆಟ್ಟಿಗೆಯನ್ನು ಕಿವಿಗಾನಿಸಿಕೊಂಡಿದ್ದ ಆ ಕಾವಲುಗಾರನು ಇಂದು ಎಲ್ಲಿರುವನೋ; ಅವನ ಬಾಗಿಲು ಮಾತ್ರ ಇನ್ನೂ ಇದರೊಳಗೆ ಉಳಿದಿತ್ತು. ಮೆಕ್ಯಾನಿಕ್ಕರು ಒಂದೊಂದೇ ಸಾಲನ್ನು ಆರಿಸಿ ಅಳಿಸಿದರು. ಹಳೆಯ ಮನೆಯನ್ನು ಕೊಂಡವನು ಹಿಂದಿನವರ ಹೆಸರಿನ ಫಲಕವನ್ನು ಗೌರವದಿಂದ ಕೆಳಗಿಳಿಸುವಂತೆ ಅದು ನನಗೆ ಕಂಡಿತು.

ನನ್ನ ಮಿತ್ರನಿಗಾಗಿ ಈ ಸೆಟ್ಟನ್ನು ಕೊಳ್ಳಲೇ ಎಂದು ಕೇಳಿದಾಗ ಅವರು ಬೇಡವೆಂದು ತಲೆಯಾಡಿಸಿದರು. ನಾಲ್ಕೈದು ವ್ಯಾಟಿನ ವೃತ್ತಿಪರ ಸೆಟ್ಟನ್ನು ಮಾರುವವನಿಗೆ ಡೀಲರ್ ಪರವಾನಗಿಯಿರಬೇಕು. ಬಳಸುವವನಿಗೆ ಕೇಂದ್ರದ ನಿಸ್ತಂತು ವಿಭಾಗವು ಹಂಚಿಕೊಟ್ಟ ತರಂಗವೂ ಅನುಮತಿಯೂ ಇರಬೇಕು. ಇವಿಲ್ಲದೆ ರಸೀದಿಯೊಂದೇ ಯಾರನ್ನೂ ಕಾಯದು. 2023ರ ದೂರಸಂಪರ್ಕ ಕಾಯಿದೆಯು ಹಳೆಯ ಕಾಯಿದೆಗಳ ಸ್ಥಾನಕ್ಕೆ ಬಂದ ಮೇಲೂ ಈ ತತ್ತ್ವವು ಬದಲಾಗಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ತರಂಗದ ವಿವರವಾಗಲಿ ಅನುಮತಿಯ ಸೂಚನೆಯಾಗಲಿ ಇಲ್ಲದೆ ವಾಕಿ-ಟಾಕಿಗಳು ಬಿಕರಿಯಾಗುತ್ತಿದ್ದುದನ್ನು ಕಂಡು, 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ ಅಂಗಡಿಗಳಿಗೆ ನೋಟೀಸು ನೀಡಿ, ಮಾರ್ಗಸೂಚಿಯನ್ನೂ ಹೊರಡಿಸಬೇಕಾಯಿತು. ಆದರೆ ಕಾನೂನು ಬಡವನಿಗೂ ಒಂದು ಕಿಟಕಿಯನ್ನು ತೆರೆದಿಟ್ಟಿದೆ. 2018ರ ನಿಯಮಗಳ ಮೂಲಕ, 446.0ರಿಂದ 446.2 ಮೆಗಾಹರ್ಟ್ಸಿನವರೆಗಿನ ಕಿರಿದಾದ ಪಟ್ಟಿಯಲ್ಲಿ, ಅಂಗೀಕೃತವಾದ ಅಲ್ಪಶಕ್ತಿಯ ಕೈಸೆಟ್ಟುಗಳನ್ನು ಯಾರು ಬೇಕಾದರೂ ಪರವಾನಗಿಯಿಲ್ಲದೆ ಬಳಸಬಹುದೆಂದು ಸರ್ಕಾರ ಒಪ್ಪಿದೆ. “ಅರ್ಧ ಮೈಲಿಗೆ ಅಷ್ಟು ಸಾಕು ಸಾರ್, ಅಟ್ಟಣೆ ಎತ್ತರದಲ್ಲಿದೆ ಅಂತೀರಲ್ಲ,” ಎಂದು ಅವರು ನಕ್ಕರು. ಅಂಥದೇ ಒಂದು ಜೊತೆಯನ್ನು, ಅದರ ಅಂಗೀಕಾರದ ಗುರುತನ್ನು ಓದಿ ನೋಡಿ, ಬೇರೆ ಅಂಗಡಿಯಿಂದ ಕೊಂಡು ತಂದೆ.

ಆ ಮೇಜಿನ ಮೇಲೆ ಬಿಟ್ಟುಬಂದ ಹಳೆಯ ಸೆಟ್ಟಿನ ಬಗೆಗೆ ನನಗೆ ಇಂದಿಗೂ ಮಮತೆಯುಂಟು. ಅಷ್ಟು ಗಟ್ಟಿಯಾದ ಯಂತ್ರವು, ಕ್ಯಾಡ್ಮಿಯಮ್ಮಿನ ವಿಷದೊಡನೆ ಗುಜರಿಯ ರಾಶಿಗೆ ಬೀಳುವುದಕ್ಕಿಂತ, ಅನುಮತಿ ಪಡೆದ ಸಂಸ್ಥೆಯೊಂದರ, ಒಂದು ಜಾತ್ರೆಯ ಸ್ವಯಂಸೇವಕರ, ಅಥವಾ ಪರೀಕ್ಷೆ ಬರೆದು ಕರೆಗುರುತು ಪಡೆದ ಹಳ್ಳಿಯ ಹುಡುಗಿಯೊಬ್ಬಳ ಕೈಯಲ್ಲಿ ಮತ್ತೆ ಮಾತನಾಡಲಿ ಎಂಬುದೇ ನನ್ನ ಹಾರೈಕೆ. ಆದರೆ ಕೈ ಬದಲಾಗುವ ಆ ಗಳಿಗೆಯಲ್ಲಿ ಕೊಳ್ಳುವವನು ಬೆಲೆಯನ್ನು ಕೇಳುವುದಕ್ಕೆ ಮೊದಲು ‘ಯಾವ ತರಂಗ, ಯಾರ ಒಪ್ಪಿಗೆ?’ ಎಂದು ಕೇಳಬೇಕು. ಪೆಟ್ಟಿಗೆಯನ್ನು ಹಣ ಕೊಟ್ಟು ತನ್ನದಾಗಿಸಿಕೊಳ್ಳಬಹುದು. ಅದರ ದನಿ ಸಂಚರಿಸುವ ಆಕಾಶವು ಚೆಕ್‌ಪೋಸ್ಟಿನ ಕಾವಲುಗಾರನದೂ, ಬೆಂಕಿಯೆದುರಿಗೆ ನಿಂತವನದೂ, ಎಲ್ಲರದೂ ಆಗಿದೆ.

ಹಿಂದಿರುಗಿದ ಮೇಲೆ ಒಂದು ರಾತ್ರಿ ನಾನೂ ಮಿತ್ರನ ಅಟ್ಟಣೆಯ ಮೇಲೆ ಕುಳಿತಿದ್ದೆ. ಹೆದ್ದಾರಿಯ ಗೇಟು ಮುಚ್ಚಿ ಬಹಳ ಹೊತ್ತಾಗಿತ್ತು. ಗೋಪಾಲಸ್ವಾಮಿ ಬೆಟ್ಟವು ನಕ್ಷತ್ರಗಳ ಕೆಳಗೆ ಕಪ್ಪಗೆ ಮಲಗಿತ್ತು. ಮಧ್ಯರಾತ್ರಿಯ ಸುಮಾರಿಗೆ ಅವನ ತೊಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಯು ಗಂಟಲು ಸರಿಮಾಡಿಕೊಂಡು, ಆಚೆ ಹೊಲದ ಮುದುಕರ ದನಿಯಲ್ಲಿ, “ಒಂದು ಒಂಟಿಸಲಗ ಹಳ್ಳ ದಾಟ್ತದ, ನಿಮ್ ಕಡೀಕ ಬತ್ತದ ಕನ್ರಪ್ಪ,” ಎಂದಿತು. ಮಿತ್ರನು ಗುಂಡಿಯನ್ನು ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಮೆಲ್ಲಗೆ, “ಇದ್ದೀವಿ ಕನಪ್ಪ, ಕೇಳ್ತು,” ಎಂದು ಉತ್ತರಿಸಿ, ಟಾರ್ಚನ್ನು ಹಳ್ಳದ ಕಡೆಗೆ ತಿರುಗಿಸಿದನು.